ಬೀಗದಣ್ಣನ ಹತ್ತೊಂಬತ್ತು ಬೀಗಗಳು

ನಮ್ಮ ನೀರು ಸರಬರಾಜು ಕಚೇರಿಯ ಯಂತ್ರದ ಕೋಣೆಯನ್ನು ಹದಿಮೂರು ವರ್ಷ ನೋಡಿಕೊಂಡವರನ್ನು ಎಲ್ಲರೂ ಬೀಗದಣ್ಣ ಎಂದು ಕರೆಯುತ್ತಿದ್ದರು. ಈ ಹೆಸರು ಅವರಿಗೆ ಕಂಪ್ಯೂಟರಿನಿಂದ ಬಂತು ಎಂದು ಈಗಿನ ನೌಕರರು ತಿಳಿದಿದ್ದಾರೆ. ಅದು ತಪ್ಪು. ಅವರು ೧೯೮೬ರ ಸೆಪ್ಟೆಂಬರ್ ೧, ಸೋಮವಾರ, ಉಗ್ರಾಣದ ಸಹಾಯಕರಾಗಿ ಕೆಲಸಕ್ಕೆ ಸೇರಿದರು. ಹೆಸರು ಬಂದದ್ದು ಅದರ ಮರುವರ್ಷ. ನಾನು ಅದೇ ಕಚೇರಿಯ ದಾಖಲೆ ವಿಭಾಗದಲ್ಲಿ ೧೯೮೮ರ ಜುಲೈ ೪ರಿಂದ ೨೦೧೯ರ ಮೇ ೩೧ರವರೆಗೆ ಇದ್ದೆ. ನೌಕರರ ಸೇವಾಪುಸ್ತಕಗಳು ನನ್ನ ವಶದಲ್ಲಿದ್ದವು. ಆದ್ದರಿಂದ ಇಲ್ಲಿರುವ ತಾರೀಖುಗಳಿಗೆ ನಾನು ಜವಾಬ್ದಾರ. ಮಾತುಕತೆಗಳಲ್ಲಿ ಕೆಲವನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಉಳಿದವನ್ನು ಅವರೇ ನನಗೆ ಹೇಳಿದ್ದಾರೆ.

ಉಗ್ರಾಣವೆಂದರೆ ತಗಡಿನ ಚಾವಣಿಯ ಉದ್ದನೆಯ ಕೋಣೆ. ಎರಡು ಗೋಡೆಗಳಿಗೆ ಒತ್ತಿಕೊಂಡು ಹದಿನೇಳು ಕಬ್ಬಿಣದ ಕಪಾಟುಗಳಿದ್ದವು. ಆಗಿನ ಹಿರಿಯ ಉಗ್ರಾಣಿಕರು ಒಂದೊಂದು ಕಪಾಟಿಗೂ ಬೇರೆ ಬೇರೆ ಬೀಗ ಹಾಕಿಸಿದ್ದರು. ಪಂಪು ರಿಪೇರಿಯವರಿಗೆ ವಾಷರುಗಳಿದ್ದ ಕಪಾಟಿನ ಕೀಲಿ ಮಾತ್ರ, ಪೈಪಿನವರಿಗೆ ಪೈಪಿನ ಕಪಾಟಿನ ಕೀಲಿ ಮಾತ್ರ. ಹೊಸಬರಾಗಿದ್ದ ಇವರು ಒಂದು ದಿನ ಕೀಲಿಗಳ ಇಡೀ ಗೊಂಚಲನ್ನು ಪೈಪಿನವನ ಕೈಗೆ ಕೊಟ್ಟು ಚಹಾಕ್ಕೆ ಹೋದರು. ಹಿಂತಿರುಗಿದಾಗ ಹಿರಿಯರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಏನಪ್ಪಾ, ಮನೆ ಅಳಿಯನಿಗೆ ಒಪ್ಪಿಸಿದ ಹಾಗೆ ಎಲ್ಲಾ ಒಪ್ಪಿಸಿ ಹೋಗಿದ್ದೀಯ?"

"ಒಳ್ಳೆಯವನು ಸಾರ್ ಅವನು. ಕದಿಯೋನಲ್ಲ."

"ಕದೀತಾನೆ ಅಂದೆನಾ ನಾನು? ಒಳ್ಳೆಯವನ ಕೈಯೂ ಎಡವುತ್ತೆ. ಆಮ್ಲದ ಡಬ್ಬಿ ಮೇಲೆ ಪೈಪು ಬೀಳಿಸಿದ್ರೆ ಗಾಯಕ್ಕೆ ಅವನ ಒಳ್ಳೆತನ ಹಚ್ಚುತ್ತೀಯಾ?"

ಅಂದಿನಿಂದ ಇವರು ಕೀಲಿಯ ವಿಷಯದಲ್ಲಿ ಹಿರಿಯರನ್ನೂ ಮೀರಿಸಿದರು, ಬೀಗದಣ್ಣ ಎಂಬ ಹೆಸರೂ ಆಗಲೇ ಬಂತು. ಉಗ್ರಾಣದ ಇನ್ನೊಂದು ಪದ್ಧತಿಯೂ ಅವರಿಗೆ ಅಂಟಿಕೊಂಡಿತು. ಸೋಮವಾರ ದಾಸ್ತಾನಿನ ದಿನ. ಅಂದು ಒಂದು ಮೊಳೆಯೂ ಹೊರಗೆ ಹೋಗುವಂತಿರಲಿಲ್ಲ. ಸಾಮಾನು ಕೊಡುವ ವಾರವೆಂದರೆ ಮಂಗಳವಾರದಿಂದ ಶನಿವಾರದವರೆಗೆ. ಇಪ್ಪತ್ತೆರಡು ವರ್ಷ ಅವರು ವಾರವನ್ನು ಹಾಗೆಯೇ ಎಣಿಸಿದರು. ಇಷ್ಟು ಶಿಸ್ತಿನ ಮನುಷ್ಯ ಸ್ವಂತ ಮನೆಗೆ ಬೀಗ ಹಾಕಲು ಮರೆತು ಎರಡು ಸಲ ಹೆಂಡತಿಯಿಂದ ಬೈಸಿಕೊಂಡದ್ದುಂಟು. ಅದೂ ನಿಜವಾದ್ದರಿಂದ ಬರೆಯುತ್ತಿದ್ದೇನೆ.

೨೦೦೮ರಲ್ಲಿ ಉಗ್ರಾಣವನ್ನು ಕೇಂದ್ರ ಕಚೇರಿಗೆ ಸಾಗಿಸಿದರು. ಇವರಿಗೆ ಮೂರು ತಿಂಗಳ ತರಬೇತಿ ಕೊಡಿಸಿ ೨೦೦೯ರ ಜನವರಿ ೫ರಂದು ಯಂತ್ರದ ಕೋಣೆಗೆ ಹಾಕಿದರು. ಆಗ ಅವರ ವಯಸ್ಸು ನಲವತ್ತಾರು ವರ್ಷ, ಹತ್ತು ತಿಂಗಳು. ಪಂಪುಮನೆಯ ಹಿಂಬದಿಯ ಆ ಕೋಣೆ ಎಂಟಡಿಗೆ ಹತ್ತಡಿ. ಕಿಟಕಿಯಿಲ್ಲ, ಒಂದು ಮೇಜು, ಒಂದು ತಂಪುಯಂತ್ರ, ಕಪಾಟಿನೊಳಗೆ ಗುಂಯ್ ಎನ್ನುವ ಒಂದು ಸರ್ವರ್. ಅದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಓಡುವ ಯಂತ್ರ. ಯಾರೂ ಎದುರಿಗೆ ಕೂರದಿದ್ದರೂ ತಮ್ಮಷ್ಟಕ್ಕೆ ತಾವೇ ಓಡುವ ಹತ್ತೊಂಬತ್ತು ಪ್ರೋಗ್ರಾಂಗಳು ಅದರಲ್ಲಿದ್ದವು. ಅವನ್ನು ಸರ್ವಿಸ್ ಎನ್ನುತ್ತಾರೆ. ಒಂದು ತೊಟ್ಟಿಗಳ ನೀರಿನ ಮಟ್ಟ ಓದುತ್ತಿತ್ತು, ಒಂದು ಪಂಪುಗಳನ್ನು ಗಮನಿಸುತ್ತಿತ್ತು, ಒಂದು ಕ್ಲೋರಿನ್ ಮೀಟರನ್ನು ನೋಡಿಕೊಂಡು ಔಷಧಿ ಎಷ್ಟು ಬೆರೆಯಬೇಕೆಂದು ಹೇಳುತ್ತಿತ್ತು, ಇನ್ನೊಂದು ದಿನದ ವರದಿ ಮುದ್ರಿಸುತ್ತಿತ್ತು.

೨೦೧೬ರ ಅಕ್ಟೋಬರ್ ೧೩, ಗುರುವಾರ, ಬೆಳಿಗ್ಗೆ ಆ ಮುದ್ರಣದ ಪ್ರೋಗ್ರಾಂ ತನ್ನ ಹಳೆಯ ವರದಿಗಳನ್ನು ಅಳಿಸಲು ಹೊರಟಿತು. ಯಾವ ಡೈರೆಕ್ಟರಿಯಲ್ಲಿ, ಅಂದರೆ ಫೈಲುಗಳನ್ನಿಡುವ ಯಾವ ಖಾನೆಯಲ್ಲಿ, ಅಳಿಸಬೇಕೆಂಬ ವಿಳಾಸ ಖಾಲಿಯಾಗಿತ್ತು. ಅದು ವರದಿಗಳನ್ನು ಬಿಟ್ಟು ಯಂತ್ರದ ಸ್ವಂತ ಡೈರೆಕ್ಟರಿಗೇ ಕೈ ಹಾಕಿತು. ಯಂತ್ರವು ಎದ್ದು ನಿಲ್ಲುವುದು ಹೇಗೆ, ಯಾರ ಮಾತು ಕೇಳಬೇಕು, ಯಾವ ಪ್ರೋಗ್ರಾಂ ಎಲ್ಲಿದೆ ಎಂಬುದೆಲ್ಲ ಬರೆದಿಟ್ಟಿದ್ದ ಫೈಲುಗಳು ಅಲ್ಲಿದ್ದವು. ಅರ್ಧ ನಿಮಿಷದಲ್ಲಿ ಎಲ್ಲವೂ ಹೋದವು. ಒಂದೂವರೆ ದಿನ ಸರ್ವರ್ ಸತ್ತು ಬಿದ್ದಿತ್ತು. ಕೆಲಸಗಾರರು ತೊಟ್ಟಿಯ ಏಣಿ ಹತ್ತಿ ಕೋಲು ಇಳಿಸಿ ನೀರಿನ ಮಟ್ಟ ಅಳೆದರು.

ಕಚೇರಿಯ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಸಾಹೇಬರು ಯಂತ್ರದ ಕೋಣೆಗೇ ಬಂದರು.

"ಕಾಗದ ಮುದ್ರಿಸೋ ಪ್ರೋಗ್ರಾಮಿಗೆ ಯಂತ್ರದ ಹೊಟ್ಟೆಗೇ ಕೈ ಹಾಕೋ ಅಧಿಕಾರ ಕೊಟ್ಟೋರು ಯಾರು?"

"ಯಾರೂ ಕೊಟ್ಟಿಲ್ಲ ಸಾರ್. ಯಾರೂ ಬೇಡ ಅಂದಿಲ್ಲ, ಅಷ್ಟೇ. ಹತ್ತೊಂಬತ್ತಕ್ಕೂ ಇಡೀ ಗೊಂಚಲು ಸಿಕ್ಕಿಬಿಟ್ಟಿದೆ."

ಬೇಡ ಎನ್ನುವ ದಾರಿ ಲಿನಕ್ಸಿನಲ್ಲಿ ಇದೆ ಎಂದು ಬೀಗದಣ್ಣ ವಿವರಿಸಿದರು. ಪ್ರತಿಯೊಂದು ಸರ್ವಿಸಿಗೂ ಅದನ್ನು ಹೇಗೆ ಓಡಿಸಬೇಕೆಂಬ ಒಂದು ಪುಟ್ಟ ಫೈಲಿರುತ್ತದೆ. ಅದರಲ್ಲಿ ಎರಡು ಮೂರು ಸಾಲು ಸೇರಿಸಿದರೆ ಸಾಕು: ಯಂತ್ರದ ಸ್ವಂತ ಡೈರೆಕ್ಟರಿಗಳನ್ನು ಈ ಸರ್ವಿಸ್ ಓದಬಹುದು, ಬರೆಯುವಂತಿಲ್ಲ, ಅಳಿಸುವಂತಿಲ್ಲ, ಬಳಕೆದಾರರ ಸ್ವಂತ ಫೈಲುಗಳಿರುವ 'ಮನೆ' ಡೈರೆಕ್ಟರಿಗಳು ಇದರ ಕಣ್ಣಿಗೇ ಬೀಳುವುದಿಲ್ಲ, ಬರೆಯಲು ಇದಕ್ಕೆ ಇರುವುದು ಇದೊಂದೇ ಜಾಗ.

ಸಾಹೇಬರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಡಿಸೆಂಬರ್ ೧ರಂದು ಒಪ್ಪಿಗೆ ಕೊಟ್ಟರು, ಷರತ್ತಿನೊಂದಿಗೆ.

"ನೋಡಪ್ಪಾ, ನಿನ್ನ ಬೀಗದಿಂದ ನೀರಿಗೆ ಒಂದೇ ಒಂದು ತೊಂದರೆ ಆಗಲಿ, ಹತ್ತೊಂಬತ್ತನ್ನೂ ಕಿತ್ತು ಹಾಕಿಸ್ತೀನಿ. ಮತ್ತೆ ನನ್ನ ಹತ್ತಿರ ಬಂದು ಕಣ್ಣೀರು ಹಾಕಬಾರದು."

"ಆಗಲಿ ಸಾರ್."

ಬೀಗದಣ್ಣ ಅವಸರದ ಮನುಷ್ಯರಲ್ಲ. ಒಂದೊಂದು ಸರ್ವಿಸಿಗೂ ಒಂದೊಂದು ನೋಟ್‌ಬುಕ್ ತೆರೆದರು. ಒಂದು ವಾರ ಅದರ ಚಲನವಲನ ನೋಡುವುದು: ಏನು ಓದುತ್ತದೆ, ಎಲ್ಲಿ ಬರೆಯುತ್ತದೆ, ಯಾವುದನ್ನು ಸುಮ್ಮನೆ ಇಣುಕುತ್ತದೆ. ಆಮೇಲೆ ಬೀಗ. ಬೀಗದ ನಂತರ ಮತ್ತೊಂದು ವಾರ ನೋಡುವುದು. ಆರು ತಿಂಗಳು ಊಟಕ್ಕೆ ಕೂತಾಗಲೂ ಅದೇ ಮಾತು.

"ಇವತ್ತು ಹತ್ತನೆಯದಕ್ಕೆ ಹಾಕಿದೆ ಕಣೆ. ಪಂಪಿನದು."

"ಹಾಗೇ ನಮ್ಮ ಅಡುಗೆಮನೆ ಡಬ್ಬಿಗಳಿಗೂ ಒಂದೊಂದು ಹಾಕಿಬಿಡಿ," ಎಂದರು ಅವರ ಹೆಂಡತಿ. "ಸಕ್ಕರೆ ಡಬ್ಬೀನ ಓದಬಹುದು, ಮುಟ್ಟೋ ಹಾಗಿಲ್ಲ ಅಂತ. ನಿಮ್ಮ ಡಾಕ್ಟರಿಗೂ ಸಂತೋಷವಾಗುತ್ತೆ."

ಕ್ಲೋರಿನ್ ಸರ್ವಿಸನ್ನು ಅವರು ೨೦೧೭ರ ಮಾರ್ಚ್ ೨೮, ಮಂಗಳವಾರದಿಂದ ಏಪ್ರಿಲ್ ೧, ಶನಿವಾರದವರೆಗೆ ಗಮನಿಸಿದರು. ಯಂತ್ರದ ಡೈರೆಕ್ಟರಿಯಲ್ಲಿ ಅದು ಏನನ್ನೂ ಬರೆಯಲಿಲ್ಲ. ಏಪ್ರಿಲ್ ೪, ಮಂಗಳವಾರ, ಬೀಗ ಹಾಕಿದರು. ೮ನೆಯ ತಾರೀಖು ಶನಿವಾರದವರೆಗೆ ಮತ್ತೆ ನೋಡಿದರು. ಯಾವ ತಕರಾರೂ ಬರಲಿಲ್ಲ. ನೋಟ್‌ಬುಕ್ಕನ್ನು ಮುಚ್ಚಿದರು.

ಕ್ಲೋರಿನ್ ಮೀಟರಿನ ಉಸ್ತುವಾರಿ ಪ್ರಯೋಗಾಲಯದ ರಸಾಯನತಜ್ಞೆಯದು. ನಲವತ್ತರ ಆಸುಪಾಸಿನ ಹೆಂಗಸು. ಮಾತು ಸ್ವಲ್ಪ ಖಾರ, ಕೆಲಸ ಚೊಕ್ಕ. ಬೀಗದಣ್ಣ ಅವರನ್ನು ತಂಗಿ ಎನ್ನುತ್ತಿದ್ದರು. ನೀರಿನಲ್ಲಿ ಮುಳುಗಿರುವ ಮೀಟರಿನ ಕಡ್ಡಿಗೆ ದಿನಕಳೆದಂತೆ ಪಾಚಿ ಕಟ್ಟಿ ಲೆಕ್ಕ ತಪ್ಪುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅವರು ಕ್ಲೋರಿನ್ ಪ್ರಮಾಣ ಮೊದಲೇ ಗೊತ್ತಿರುವ ನೀರಿನಲ್ಲಿ ಕಡ್ಡಿ ಅದ್ದಿ, ಎಷ್ಟು ತಪ್ಪುತ್ತಿದೆ ಎಂಬ ತಿದ್ದುಪಡಿಯ ಅಂಕಿಯನ್ನು ಯಂತ್ರಕ್ಕೆ ತಿಳಿಸುತ್ತಿದ್ದರು. ಪರದೆಯ ಮೇಲೆ 'ಸ್ವೀಕರಿಸಲಾಗಿದೆ' ಎಂದು ಬರುತ್ತಿತ್ತು. ಅದನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. ಈ ಕೆಲಸಕ್ಕೆ ಗೊತ್ತು ಮಾಡಿದ್ದ ದಿನ ಸೋಮವಾರ.

ಜೂನ್ ೨೧, ಬುಧವಾರ, ವಿದ್ಯುತ್ ತಂತಿ ಬದಲಾಯಿಸಲು ಸರ್ವರನ್ನು ನಲವತ್ತು ನಿಮಿಷ ಆರಿಸಿ ಮತ್ತೆ ಹೊತ್ತಿಸಿದರು. ಮರುದಿನ ಕೊನೆಯ ಬೀದಿಯ ನಲ್ಲಿಯಿಂದ ಶೀಶೆಯಲ್ಲಿ ನೀರು ತಂದು ಕೈಯಿಂದ ಪರೀಕ್ಷಿಸಿದಾಗ ಕ್ಲೋರಿನ್ ಇರಬೇಕಾದ ಅರ್ಧದಷ್ಟೂ ಇರಲಿಲ್ಲ. ಯಂತ್ರದ ಪರದೆ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು. ತಕ್ಷಣ ಔಷಧಿಯನ್ನು ಕೈಯಿಂದ ಬೆರೆಸಿದರು, ಯಾರಿಗೂ ಕಾಯಿಲೆಯಾಗಲಿಲ್ಲ. ಆದರೆ ಕೇಂದ್ರ ಕಚೇರಿ ಕಾರಣ ಕೇಳಿತು.

೨೩ನೆಯ ತಾರೀಖು ಶುಕ್ರವಾರ ಹತ್ತೂವರೆಗೆ ಸಾಹೇಬರು ರಸಾಯನತಜ್ಞೆಯನ್ನೂ ಬೀಗದಣ್ಣನನ್ನೂ ಕರೆಸಿದರು. ರಿಜಿಸ್ಟರ್ ಹಿಡಿದುಕೊಂಡು ನಾನೂ ಅಲ್ಲಿದ್ದೆ.

"ಯಂತ್ರದಲ್ಲಿ ಈ ತಿದ್ದುಪಡಿ ಅಂಕಿ ಇರೋ ಫೈಲು ಕೊನೇ ಸಲ ಯಾವತ್ತು ಬದಲಾಗಿದೆ?" ಎಂದು ಸಾಹೇಬರು ಕೇಳಿದರು.

ಬೀಗದಣ್ಣ ನೋಡಿಕೊಂಡು ಬಂದೇ ಇದ್ದರು. "ಏಪ್ರಿಲ್ ಮೂರು, ಸಾರ್."

"ಕೇಳಿಸ್ತೇನಮ್ಮಾ? ಏಪ್ರಿಲ್ ಮೂರು. ರಿಜಿಸ್ಟರಿನಲ್ಲಿ ಮಾತ್ರ ಪ್ರತಿವಾರ ಮುತ್ತಿನಂಥ ಅಕ್ಷರ, ಕೆಳಗೆ ಸಹಿ. ಹನ್ನೊಂದು ವಾರ ಕುರ್ಚಿ ಬಿಟ್ಟು ಏಳದೇನೇ ಬರೆದುಬಿಟ್ರಾ?"

ಆಕೆ ಎರಡೂ ಕೈ ಮುಂದೆ ಚಾಚಿದರು. "ಸಾರ್, ಕಡ್ಡಿ ಉಜ್ಜಿ ಉಜ್ಜಿ ನನ್ನ ಕೈ ಬೆರಳು ನೋಡಿ ಹೇಗಾಗಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತೀರಲ್ಲ. ಯಂತ್ರ ತಾನೇ 'ಸ್ವೀಕರಿಸಲಾಗಿದೆ' ಅಂತ ಹೇಳಿದೆ."

"ಯಂತ್ರ ಸುಳ್ಳು ಹೇಳಲ್ಲಮ್ಮ. ಸೋಮವಾರದೊಳಗೆ ಲಿಖಿತ ಉತ್ತರ ಕೊಡಿ. ಸುಳ್ಳು ದಾಖಲೆ ಅಂತ ಆದ್ರೆ ಏನಾಗುತ್ತೆ ಗೊತ್ತಲ್ಲ?"

ಎಲ್ಲರಿಗೂ ಗೊತ್ತಿತ್ತು. ಸುಳ್ಳು ದಾಖಲೆಗೆ ನಮ್ಮಲ್ಲಿ ಒಂದೇ ಶಿಕ್ಷೆ, ಕೆಲಸದಿಂದ ವಜಾ.

ಬೀಗದಣ್ಣ ಕೋಣೆಗೆ ಹಿಂತಿರುಗಿ ಆ ತಾರೀಖನ್ನೇ ನೋಡುತ್ತಾ ಕುಳಿತರು. ಏಪ್ರಿಲ್ ೩ರವರೆಗೆ ಬದಲಾಗುತ್ತಿದ್ದ ಫೈಲು ಆಮೇಲೆ ಒಮ್ಮೆಯೂ ಬದಲಾಗಿಲ್ಲ. ೪ನೆಯ ತಾರೀಖು ಏನಾಯಿತು ಎಂಬುದಕ್ಕೆ ಅವರು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅವರದೇ ನೋಟ್‌ಬುಕ್ಕಿನಲ್ಲಿ ಅವರದೇ ಅಕ್ಷರದಲ್ಲಿತ್ತು. ಕ್ಲೋರಿನ್ ಸರ್ವಿಸ್ ತನ್ನ ತಿದ್ದುಪಡಿಯ ಅಂಕಿಯನ್ನು ಬೇರೆಲ್ಲೂ ಇಡದೆ ಯಂತ್ರದ ಸ್ವಂತ ಡೈರೆಕ್ಟರಿಯಲ್ಲಿಯೇ ಇಡುತ್ತಿತ್ತು, ಅದೂ ವಾರಕ್ಕೊಂದೇ ಸಲ, ಸೋಮವಾರ. ಉಗ್ರಾಣದ ವಾರಕ್ಕೆ ಸೋಮವಾರ ಸೇರಿರಲಿಲ್ಲ. ಹೊಸ ಅಂಕಿಯನ್ನು ಸರ್ವಿಸ್ ತನ್ನ ನೆನಪಿನಲ್ಲಿ ಇಟ್ಟುಕೊಂಡು ಕೆಲಸ ಸಾಗಿಸುತ್ತಿತ್ತು, ಫೈಲಿಗೆ ಬರೆಯಲು ಹೋಗಿ ಬೀಗಕ್ಕೆ ಮುಗ್ಗರಿಸುತ್ತಿತ್ತು. ಬುಧವಾರ ಯಂತ್ರ ಆರಿದಾಗ ನೆನಪು ಅಳಿಸಿತು. ಹೊತ್ತಿದಾಗ ಹನ್ನೊಂದು ವಾರ ಹಳೆಯ ಅಂಕಿ ಎದ್ದು ಕುಳಿತಿತು.

ಅವರು ಸರ್ವಿಸಿನ ಲಾಗ್ ತೆರೆದರು. ಲಾಗ್ ಎಂದರೆ ಯಂತ್ರ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ. ಅಲ್ಲಿ ಒಂದೇ ತೆರನ ಹನ್ನೊಂದು ಸಾಲುಗಳಿದ್ದವು: ಹೊಸ ಅಂಕಿ ಬಂದಿದೆ, ಉಳಿಸಲು ಆಗಲಿಲ್ಲ, ಈ ಜಾಗ ಓದಲು ಮಾತ್ರ. ಏಪ್ರಿಲ್ ೧೦, ಬೆಳಿಗ್ಗೆ ೯.೪೨. ಏಪ್ರಿಲ್ ೧೭, ೯.೩೮. ಏಪ್ರಿಲ್ ೨೪, ೯.೫೧. ಮೇ ೧ ಕಚೇರಿಗೆ ರಜೆ, ಅಂದೂ ೯.೪೦ಕ್ಕೆ ಒಂದು ಸಾಲಿತ್ತು. ಹೀಗೆ ಜೂನ್ ೧೯ರವರೆಗೆ. ಆಕೆ ಒಂದು ವಾರವನ್ನೂ ತಪ್ಪಿಸಿರಲಿಲ್ಲ.

ಈ ಸಾಲುಗಳನ್ನು ಓದಬಲ್ಲವರು ಕಚೇರಿಯಲ್ಲಿ ಅವರೊಬ್ಬರೇ. ಅವರು ಬಾಯಿ ಮುಚ್ಚಿಕೊಂಡಿದ್ದರೆ ಹತ್ತೊಂಬತ್ತು ಬೀಗಗಳೂ ಕ್ಷೇಮ, ಆಕೆಯ ಕೆಲಸ ಹೋಯಿತು. ಬಾಯಿ ಬಿಟ್ಟರೆ ಆಕೆ ಕ್ಷೇಮ. ಬೀಗಗಳ ಗತಿ ಏನೆಂದು ಡಿಸೆಂಬರಿನಲ್ಲೇ ತೀರ್ಮಾನವಾಗಿತ್ತು. ಇದನ್ನು ಅವರು ಬಹಳ ಹೊತ್ತು ತೂಗಿ ನೋಡಿದರು ಎಂದು ಬರೆದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಕಾಗದದ ಮೇಲೆ ಆ ಸಾಲುಗಳನ್ನು ಮುದ್ರಿಸಿಕೊಂಡು ಮೊದಲು ಪ್ರಯೋಗಾಲಯಕ್ಕೆ ಹೋದರು.

"ತಂಗಿ, ನಿನ್ನ ತಪ್ಪಲ್ಲ. ನನ್ನ ಬೀಗ."

ಆಕೆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಬೆಳಿಗ್ಗೆ ಅಷ್ಟು ಗಟ್ಟಿಯಾಗಿ 'ಏಪ್ರಿಲ್ ಮೂರು ಸಾರ್' ಅಂದ್ರಲ್ಲ ಅಣ್ಣ. ಆಗಲೇ ಸ್ವಲ್ಪ ಬುದ್ಧಿ ಓಡಿಸೋಕಾಗ್ತಿರಲಿಲ್ಲವಾ? ಹನ್ನೊಂದು ಗಂಟೆಯಿಂದ ಅತ್ತು ಅತ್ತು ತಲೆ ಸಿಡೀತಿದೆ."

"ತಪ್ಪಾಯ್ತಮ್ಮ."

"ಆಯ್ತು ಬಿಡಿ. ಇದೊಂದು ಸಾಲನ್ನ ಅಳಿಸೋಕಾಗುತ್ತಾ?" ಆಕೆ ಏಳನೆಯ ಸಾಲಿನ ಮೇಲೆ ಬೆರಳಿಟ್ಟರು. ಅದರಲ್ಲಿ ಮೇ ೨೩, ಮಂಗಳವಾರ ಎಂದಿತ್ತು. "ಆ ಸೋಮವಾರ ಹಲ್ಲು ಕೀಳಿಸ್ಕೊಂಡು ಮನೇಲಿದ್ದೆ. ರಿಜಿಸ್ಟರಿನಲ್ಲಿ ಇಪ್ಪತ್ತೆರಡು ಅಂತಾನೇ ಬರೆದಿದ್ದೀನಿ."

"ಅಳಿಸಲ್ಲ."

"ಗೊತ್ತಿತ್ತು. ಸುಮ್ಮನೆ ಕೇಳಿದೆ."

ಸಾಹೇಬರು ಅಂದು ಮಧ್ಯಾಹ್ನ ಹೊರಗೆ ಹೋಗಿದ್ದರು. ಶನಿವಾರ, ಭಾನುವಾರ ಎರಡು ದಿನವೂ ಬೀಗದಣ್ಣ ಕೋಣೆಯಲ್ಲಿ ಕುಳಿತು ಉಳಿದ ಹದಿನೆಂಟು ಸರ್ವಿಸುಗಳ ಲಾಗನ್ನು ಬೀಗ ಹಾಕಿದ ದಿನದಿಂದ ಓದಿದರು. ಸೋಮವಾರ, ಜೂನ್ ೨೬ರಂದು, ಬೆಳಿಗ್ಗೆ ಸಾಹೇಬರ ಮೇಜಿನ ಮೇಲೆ ಹನ್ನೊಂದು ಸಾಲುಗಳ ಕಾಗದವನ್ನೂ ಒಂದು ತಪ್ಪೊಪ್ಪಿಗೆಯನ್ನೂ ಇಟ್ಟರು. ಹಲ್ಲು ಕೀಳಿಸಿಕೊಂಡ ವಿಷಯವನ್ನೂ ಒಪ್ಪಿಕೊಂಡು ರಸಾಯನತಜ್ಞೆ ಬರೆದ ಉತ್ತರ ಆಗಲೇ ಅಲ್ಲಿತ್ತು.

ಸಾಹೇಬರು ಕನ್ನಡಕ ಏರಿಸಿ ಓದಿದರು. ರಸಾಯನತಜ್ಞೆಯನ್ನು ಕರೆಸಿ, "ನಿಮ್ಮ ಮೇಲಿನ ಆರೋಪಾನ ವಾಪಸ್ ತಗೊಂಡಿದ್ದೀನಿ. ಮೇ ಇಪ್ಪತ್ತಮೂರನ್ನ ಇಪ್ಪತ್ತೆರಡು ಅಂತ ಬರೆದದ್ದನ್ನ ಇವತ್ತೇ ತಿದ್ದಿ ಸಹಿ ಹಾಕಿ. ಹಲ್ಲು ಹೇಗಿದೆ?" ಎಂದರು.

"ಹೋಯ್ತು ಸಾರ್."

"ಸರಿ, ನೀವೂ ಹೋಗಿ." ಆಮೇಲೆ ಬೀಗದಣ್ಣನ ಕಡೆ ತಿರುಗಿದರು. "ನನ್ನ ಷರತ್ತು ನೆನಪಿದೆ ತಾನೇ? ಹತ್ತೊಂಬತ್ತನ್ನೂ ತೆಗೆ."

"ತೆಗೀತೀನಿ ಸಾರ್. ಅದಕ್ಕೆ ಮೊದಲು ಇದೊಂದು ನೋಡಿ." ಅವರು ಇನ್ನೊಂದು ಕಾಗದ ಇಟ್ಟರು. ಮುದ್ರಣದ ಸರ್ವಿಸಿನ ಲಾಗಿನ ಒಂದು ತುಣುಕು: ಮೇ ೧೨, ಶುಕ್ರವಾರ, ಬೆಳಿಗ್ಗೆ ೭.೦೫. ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿದ ಮರುದಿನ ಅದು ಅಕ್ಟೋಬರಿನಲ್ಲಿ ಮಾಡಿದ್ದನ್ನೇ ಮಾಡಲು ಹೋಗಿತ್ತು. ನಾನೂರ ಹದಿನಾರು ಫೈಲುಗಳನ್ನು ಅಳಿಸಲು ನೋಡಿ ನಾನೂರ ಹದಿನಾರು ಸಲ 'ಆಗುವುದಿಲ್ಲ' ಎನ್ನಿಸಿಕೊಂಡಿತ್ತು.

"ಇದು ಯಾವಾಗ ಆಯ್ತು? ನನಗೆ ಯಾರೂ ಹೇಳಲೇ ಇಲ್ಲ."

"ನನಗೂ ಗೊತ್ತಿರಲಿಲ್ಲ ಸಾರ್. ಏನೂ ಆಗಲಿಲ್ಲವಲ್ಲ."

ಸಾಹೇಬರು ಡ್ರಾಯರಿನಿಂದ ಒಂದು ನಮೂನೆ ತೆಗೆದರು. ಅವರಿಗೆ ಕೇಂದ್ರ ಕಚೇರಿಗೆ ಉತ್ತರ ಬರೆಯಬೇಕಿತ್ತು. ಆ ನಮೂನೆಯಲ್ಲಿ ಕಾರಣಕ್ಕೆ ಎರಡೇ ಕಲಮುಗಳಿದ್ದವು. ಅದನ್ನು ಅವರು ಬಿಡಿಸಿ ಹೇಳಿದರು.

"ವ್ಯವಸ್ಥೆಯ ದೋಷ ಅಂತ ಬರೆದ್ರೆ ನಿನ್ನ ಪುಸ್ತಕಕ್ಕೆ ಕಲೆ ಬರಲ್ಲ. ಆದ್ರೆ ದೋಷ ಇರೋ ವ್ಯವಸ್ಥೇನ ಇಟ್ಕೊಳ್ಳೋ ಹಾಗಿಲ್ಲ, ಬೀಗ ಎಲ್ಲಾ ಹೋಗುತ್ತೆ. ನೌಕರನ ತಪ್ಪು ಅಂತ ಬರೆದ್ರೆ ಬೀಗ ಇರುತ್ತೆ, ನಿನ್ನ ಸೇವಾಪುಸ್ತಕದಲ್ಲಿ ಷರಾ ಬೀಳುತ್ತೆ. ಮುಂದಿನ ವರ್ಷದ ಬಡ್ತೀನ ಮರೆತುಬಿಡಬೇಕು. ಮನೇಲಿ ಕೇಳಿಕೊಂಡು ನಾಳೆ ಬಾ."

ಮೂವತ್ತು ವರ್ಷ, ಒಂಬತ್ತು ತಿಂಗಳ ಸೇವೆಯಲ್ಲಿ ಅವರ ಪುಸ್ತಕದಲ್ಲಿ ಒಂದೂ ಷರಾ ಇರಲಿಲ್ಲ. ಅಂಥ ಪುಸ್ತಕ ನನ್ನ ಬೀರುವಿನಲ್ಲಿ ಇನ್ನೊಂದಿರಲಿಲ್ಲ.

ಮನೆಯಲ್ಲಿ ಅವರು ಕೇಳಿದರು. ಹೆಂಡತಿ ಬಟ್ಟೆ ಮಡಿಸುತ್ತಿದ್ದರು.

"ತಪ್ಪು ನಿಮ್ಮದೇ ತಾನೇ?"

"ನನ್ನದೇ."

"ಮತ್ತೆ ಅದನ್ನ ಯಂತ್ರದ ತಲೆಗೆ ಯಾಕೆ ಕಟ್ಟಬೇಕು? ಬರೆಸ್ಕೊಳ್ಳಿ." ಇನ್ನೊಂದು ಬಟ್ಟೆ ಕೈಗೆತ್ತಿಕೊಂಡು, "ಬಡ್ತಿ ಬಂದಿದ್ರೆ ನಿಮಗೆ ಕಿಟಕಿ ಇರೋ ಕೋಣೆನಾದ್ರೂ ಸಿಗ್ತಿತ್ತು," ಎಂದರು.

೨೭ನೆಯ ತಾರೀಖು ಮಂಗಳವಾರ ಹನ್ನೊಂದು ಗಂಟೆಗೆ ಸಾಹೇಬರು ನನ್ನನ್ನು ಕರೆಸಿ ಷರಾವನ್ನು ಹೇಳಿ ಬರೆಸಿದರು: 'ಯಂತ್ರದಲ್ಲಿ ಅಳವಡಿಸಿದ ನಿರ್ಬಂಧದಿಂದಾಗಿ ಕ್ಲೋರಿನ್ ಮಾಪನದಲ್ಲಿ ವ್ಯತ್ಯಾಸವುಂಟಾಗಿದ್ದು, ಸದರಿ ನೌಕರರ ಅಜಾಗರೂಕತೆಯೇ ಇದಕ್ಕೆ ಕಾರಣ.' ಬೀಗದಣ್ಣ ಸಹಿ ಹಾಕಲು ಪೆನ್ನು ತೆಗೆದವರು ಓದಿ ನಿಲ್ಲಿಸಿದರು.

"ಸಾರ್, ಇದು ಸಾಲದು."

"ಸಾಲದಾ? ಇನ್ನೂ ಬೈಬೇಕಾ ನಿನ್ನ?"

"ಹೂಂ ಸಾರ್. ಇಷ್ಟೇ ಬರೆದ್ರೆ ನಾಳೆ ನಿಮ್ಮ ಜಾಗಕ್ಕೆ ಬರೋರು ನಿರ್ಬಂಧ ಅಂದ್ರೇನೇ ಕೆಟ್ಟದ್ದು ಅಂದ್ಕೊಂಡು ಎಲ್ಲಾ ತೆಗೆಸಿಬಿಡ್ತಾರೆ. ಏನು ತಪ್ಪು ಮಾಡಿದೆ ಅಂತ ಸರಿಯಾಗಿ ಬರೀಬೇಕು. ಸೋಮವಾರದ ಕೆಲಸ ನೋಡದೇನೇ ಬೀಗ ಹಾಕಿದೆ ಅಂತ. ಉಳಿದ ಹದಿನೆಂಟರ ಲಾಗ್ ಓದಿದೆ, ಅವುಗಳಲ್ಲಿ ದೋಷ ಇಲ್ಲ ಅಂತ. ಮೇ ಹನ್ನೆರಡರ ವಿಷಯಾನೂ."

"ಅಯ್ಯೋ ಮಾರಾಯಾ, ತಪ್ಪು ಒಪ್ಪಿಕೊಳ್ಳೋದ್ರಲ್ಲೂ ಚೌಕಾಸಿ ಮಾಡ್ತೀಯಲ್ಲ! ಷರಾ ಅಂದ್ರೆ ಎರಡು ಸಾಲು ಇರುತ್ತಪ್ಪಾ. ಇದು ಪುರಾಣ ಆಗುತ್ತೆ." ಸಾಹೇಬರು ನನ್ನ ಕಡೆ ನೋಡಿದರು. "ಪುಟದಲ್ಲಿ ಜಾಗ ಇದೆಯೇನ್ರೀ?"

ಪುಟ ಖಾಲಿಯಿತ್ತು. ಹದಿನಾಲ್ಕು ಸಾಲುಗಳಾದವು. ಮೂವರೂ ಸಹಿ ಹಾಕಿದಾಗ ಹನ್ನೊಂದೂವರೆ. ಬೀಗದಣ್ಣ ಕೋಣೆಗೆ ಹೋಗಿ ಕ್ಲೋರಿನ್ ಸರ್ವಿಸಿನ ಅಂಕಿಯ ಫೈಲನ್ನು ಯಂತ್ರದ ಡೈರೆಕ್ಟರಿಯಿಂದ ತೆಗೆದು, ಅದಕ್ಕೆಂದೇ ಬೇರೆ ಜಾಗ ಮಾಡಿ, ಆ ಒಂದು ಜಾಗದಲ್ಲಿ ಮಾತ್ರ ಬರೆಯಲು ಬಿಟ್ಟರು.

೨೦೧೮ರ ಮಾರ್ಚ್ ೧೨ರ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಸಾಹೇಬರಿಗೆ ಅದೇ ವರ್ಷ ಆಗಸ್ಟಿನಲ್ಲಿ ವರ್ಗವಾಯಿತು. ಹೊಸದಾಗಿ ಬಂದ ಅಧಿಕಾರಿಣಿ ಅಧಿಕಾರ ವಹಿಸಿಕೊಂಡ ಮೂರನೆಯ ದಿನ ಷರಾ ಇದ್ದ ಪುಸ್ತಕಗಳನ್ನೆಲ್ಲ ತರಿಸಿದರು. ಬೀಗದಣ್ಣನ ಹದಿನಾಲ್ಕು ಸಾಲಿನ ಪುಟವನ್ನು ನನ್ನೆದುರಿಗೇ ಎರಡು ಸಲ ಓದಿದರು. ಯಂತ್ರದ ಕೋಣೆಯಲ್ಲಿ ಏನನ್ನೂ ಬದಲಾಯಿಸಬೇಕಾಗಿಲ್ಲ ಎಂದು ಹೇಳಿ ಮುಂದಿನ ಪುಸ್ತಕ ಕೇಳಿದರು.